ಎಲ್ಲ ಪಿಯಾನೋಗಳಲ್ಲೂ ಒಂದೇ ತಪ್ಪು

ಬಿಶ್ಕೆಕ್,
ಮೇ ೧೧, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳು ಸಾಯ್ರಾಳಿಗೆ,

ಹೇಗಿದ್ದೀಯಮ್ಮ? ಬೇಗಾಯ್‌ಗೆ ಕೆಮ್ಮು ಇಳಿಯಿತೇ? ಮಗುವಿನ ಎದೆಗೆ ಕುರಿಬಾಲದ ಕೊಬ್ಬು ಸವರಿ ಬೆಚ್ಚಗೆ ಸುತ್ತು ಎಂದರೆ ನಿನ್ನ ಗಂಡ ಬೋಲೋತ್ ನಗುತ್ತಾನೆ. ನಗಲಿ, ಅವನ ತಾಯಿಯೂ ಅವನನ್ನು ಅದರಲ್ಲೇ ಉಳಿಸಿಕೊಂಡದ್ದು. ನಾರಿನ್‌ನಲ್ಲಿ ಇನ್ನೂ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದೀರಿ ಎಂದು ಕೇಳಿದೆ. ಇಲ್ಲಿ ಪಾಪ್ಲರ್ ಮರದ ಹತ್ತಿ ಹಾರುತ್ತಿದೆ, ಕಿಟಕಿ ತೆರೆದರೆ ಚಹಾದ ಬಟ್ಟಲಿಗೇ ಬಂದು ಬೀಳುತ್ತದೆ. ಪ್ರತಿ ಮೇ ತಿಂಗಳಿನಂತೆ ನಲ್ಲಿಯಲ್ಲಿ ಬಿಸಿನೀರು ನಿಲ್ಲಿಸಿದ್ದಾರೆ. ದೊಡ್ಡ ಪಾತ್ರೆಯಲ್ಲಿ ಕಾಯಿಸಿಕೊಂಡು ಸ್ನಾನ ಮಾಡುತ್ತೇನೆ, ಅಂದರೆ ಮೂರು ದಿನಕ್ಕೊಮ್ಮೆ. ಮಂಡಿ ಇದ್ದ ಹಾಗೇ ಇದೆ. ಮೆಟ್ಟಿಲು ಹತ್ತುವಾಗ ಎರಡನೆಯ ಮಹಡಿಯಲ್ಲಿ ನಿಂತುಬಿಡುತ್ತೇನೆ, ಯಾರಾದರೂ ಬಂದರೆ ಜೇಬಿನಲ್ಲಿ ಬೀಗದಕೈ ಹುಡುಕುವವನ ಹಾಗೆ ನಟಿಸುತ್ತೇನೆ. ಸುಸ್ತಾಗಿದೆ ಸಾಯ್ರಾ. ಮಲಗಿ ಎದ್ದರೆ ಹೋಗುವ ಸುಸ್ತಲ್ಲ ಇದು.

ಈ ಕಾಗದ ನಿನಗೆ ಸಿಗುವಾಗ ಉದ್ದನೆಯ ಪೆಟ್ಟಿಗೆಯೊಂದೂ ನಿನ್ನ ಬಾಗಿಲಿಗೆ ಬಂದಿರುತ್ತದೆ. ನಾರಿನ್ ಕಡೆಗೆ ಓಡಿಸುವ ಟ್ಯಾಕ್ಸಿಯವನೊಬ್ಬನನ್ನು ನಿನ್ನೆ ಗೊತ್ತುಮಾಡಿ ಬಂದೆ. ಹಿಂದಿನ ಸೀಟು ಮಡಚು, ಕಂಬಳಿ ಹಾಸು, ಡೋಲೋನ್ ಕಣಿವೆಯ ತಿರುವುಗಳಲ್ಲಿ ನಿಧಾನ ಹೋಗು ಎಂದು ಮೂರು ಸಲ ಹೇಳಿದ್ದಕ್ಕೆ, ‘ಹಿರಿಯರೇ, ಮದುಮಗಳನ್ನ ಕರ್ಕೊಂಡ್ ಹೋಗುವಾಗ್ಲೂ ನನಗೆ ಯಾರೂ ಇಷ್ಟು ಹೇಳಿರ್ಲಿಲ್ಲ’ ಅಂದ. ಒಳಗಿರುವುದು ಮಾರ್ಚಿನಲ್ಲಿ ನೂರೂಜ್ ಹಬ್ಬಕ್ಕೆ ಬಂದಾಗ ನಾನು ನಿನ್ನ ಮನೆಯಿಂದ ಹೊತ್ತುಕೊಂಡು ಬಂದ ಅದೇ ಡಿಜಿಟಲ್ ಪಿಯಾನೋ. ಅದರಂಥದ್ದಲ್ಲ, ಅದೇ. ಎಡಗಾಲಿನ ಮೇಲೆ ಬೇಗಾಯ್ ಚಮಚದಿಂದ ಗೀಚಿದ ಗೆರೆ ಹಾಗೇ ಇದೆ, ನೋಡಿಕೋ. ಯಾಕೆ ವಾಪಸು ಬಂತು ಎಂದು ನೀನು ಕೇಳುವುದಿಲ್ಲ, ನಿನ್ನ ಸ್ವಭಾವ ಗೊತ್ತು. ಫೋನಿನಲ್ಲಿ ಹೇಳಲು ಎರಡು ಸಲ ಹೊರಟೆ. ಎರಡು ಸಲವೂ ಹವಾಮಾನದ ಕಡೆಗೆ ಹೊರಳಿದೆ. ಅದಕ್ಕೇ ಕಾಗದ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ, ಕ್ರಮವಾಗಿ ಬರೆದರೆ ನನಗಾದರೂ ನೇರವಾಗಿ ಕಾಣಲಿ.

ಕಳೆದ ಅಕ್ಟೋಬರಿನಲ್ಲಿ ನಿನ್ನ ಮನೆಗೆ ಬಂದು, ಅಲ್ಲಿದ್ದ ನಿನ್ನ ಅಮ್ಮನ ಪಿಯಾನೋಗೆ ಶ್ರುತಿ ಕೂಡಿಸಲು ಕೂತೆ. ನಲವತ್ತೊಂದು ವರ್ಷ ಈ ಊರಿನ ಶಾಲೆಗಳ, ಮನೆಗಳ ಪಿಯಾನೋಗಳಿಗೆ ಶ್ರುತಿ ಮಾಡಿದವನಿಗೆ ಅದು ಒಂದು ಮಧ್ಯಾಹ್ನದ ಕೆಲಸ. ಮೂರು ದಿನವಾದರೂ ಮೇಲಿನ ಕಡೆಯ ಒಂದು ‘ರೇ’ ಸ್ವರ, ಅದರ ಅಕ್ಕಪಕ್ಕದ ನಾಲ್ಕೈದು ಸ್ವರ ನಿಲ್ಲಲೇ ಇಲ್ಲ. ಬಿರಡೆ ತಿರುಗಿಸಿ ತಂತಿ ಸರಿಮಾಡುತ್ತಿದ್ದೆ, ಚಹಾ ಕುಡಿದು ಬಂದು ಕೀ ಒತ್ತಿದರೆ ಮತ್ತೆ ಆ ಅಲೆ. ಒಂದೇ ಸ್ವರದೊಳಗೆ ಎರಡು ಸ್ವರ ಒಂದನ್ನೊಂದು ಉಜ್ಜಿಕೊಂಡು ವಂವಂ ಅನ್ನುತ್ತವಲ್ಲ, ಅದು. ಬಿರಡೆಗಳನ್ನು ಕಚ್ಚಿಹಿಡಿಯುವ ಮರದ ಹಲಗೆ ಒಳಗೊಳಗೇ ಸೀಳಿದೆ, ಬಿಗಿದಷ್ಟೂ ಜಾರುತ್ತಿದೆ, ಇದು ಸತ್ತ ಪಿಯಾನೋ ಎಂದು ತೀರ್ಪು ಕೊಟ್ಟೆ. ನಮ್ಮ ಕಸುಬಿನವರು ಸತ್ತ ಪಿಯಾನೋವನ್ನು ಹೂಳುವುದಿಲ್ಲ, ಹಂಚುತ್ತೇವೆ. ಸುತ್ತಿಗೆಗಳನ್ನು ಬಿಚ್ಚಿಕೊಂಡೆ, ತಂತಿ ಕತ್ತರಿಸಿಕೊಂಡೆ. ಕಬ್ಬಿಣದ ಚೌಕಟ್ಟನ್ನು ಹಲಗೆ ಸಮೇತ ನಾನೂ ಬೋಲೋತನೂ ಕಲ್ಲಿದ್ದಲು ಕೊಟ್ಟಿಗೆಗೆ ನೂಕಿದೆವು. ನೀನು ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದೆ. ಆ ಪಿಯಾನೋ ಮಾತು ಇಲ್ಲಿಗೆ ಸಾಕು.

ಜನವರಿಯಲ್ಲಿ ನೀನೇ ಹುಡುಕಿ ಈ ಡಿಜಿಟಲ್ ಪಿಯಾನೋ ತರಿಸಿಕೊಂಡೆ. ಮಗು ಮಲಗಿದಾಗ ಹೆಡ್‌ಫೋನ್ ಹಾಕಿಕೊಂಡು ನುಡಿಸಬಹುದು, ಜೂನ್ ಹದಿನಾಲ್ಕಕ್ಕೆ ನಾಟಕ ಮಂದಿರದಲ್ಲಿ ಹಾಡುಗಾರರ ಜೊತೆ ನುಡಿಸುವವರ ಆಯ್ಕೆ ಇದೆ, ಈ ಸಲ ಬಿಟ್ಟರೆ ಆ ಜಾಗ ಇನ್ನು ಹತ್ತು ವರ್ಷ ಖಾಲಿಯಾಗುವುದಿಲ್ಲ ಎಂದೆ. ನಿನ್ನ ದನಿಯಲ್ಲಿ ಅಷ್ಟು ಆಸೆಯನ್ನು ಅಮ್ಮ ಹೋದಮೇಲೆ ನಾನು ಕೇಳಿರಲಿಲ್ಲ. ನೂರೂಜ್ ದಿನ ಬೆಳಿಗ್ಗೆ ಕಲ್ಲಿದ್ದಲು ತಂದು ಹಾಕಿ, ಕೈ ತೊಳೆದು, ನೀನು ಕೊಟ್ಟ ಸುಮೋಲೋಕ್ ಪಾಯಸ ಆರುವುದಕ್ಕೆ ಬಿಟ್ಟು ಇದರ ಮುಂದೆ ಕೂತೆ. ಕೀಗಳ ತೂಕ ಚೆನ್ನಾಗಿತ್ತು, ಎಡಕ್ಕೆ ಭಾರ, ಬಲಕ್ಕೆ ಹಗುರ, ಇರಬೇಕಾದ ಹಾಗೇ. ಮೇಲಿನ ರೇ ಒತ್ತಿದೆ. ವಂವಂ. ಸುಳ್ಳು ನುಡಿಯುತ್ತಿದೆ ಅಂದೆ. ಸರಿಯಾಗೇ ಇದೆಯಲ್ಲ ಎಂದೆ ನೀನು. ಬೋಲೋತ್ ಪಾಪ, ‘ಮಾವ, ಇದರ ಒಳಗಿರೋದು ಬೇಡ ಅಂದ್ರೆ ಹೊರಗಿಂದ ತರೋಣ’ ಎಂದು ಲ್ಯಾಪ್‌ಟಾಪ್ ತಂದು ತಂತಿ ಸಿಕ್ಕಿಸಿದ. ಯಾವುದೋ ದೊಡ್ಡ ಸಭಾಂಗಣದ ಪಿಯಾನೋದ ಒಂದೊಂದು ಸ್ವರವನ್ನೂ ಮೆಲ್ಲಗಿನಿಂದ ಜೋರಿನವರೆಗೆ ಹತ್ತಾರು ಬಾರಿ ಹೊಡೆದು ಧ್ವನಿಮುದ್ರಿಸಿ ಅದರ ತಂತ್ರಾಂಶದೊಳಗೆ ತುಂಬಿದ್ದಾರಂತೆ. ಮುಚ್ಚಳ ಎಷ್ಟು ತೆರೆದಿರಬೇಕು ಎಂಬುದಕ್ಕೆ ಒಂದು ಗುಂಡಿ, ಪೆಡಲಿನ ಕಿರುಗುಟ್ಟುವಿಕೆಗೆ ಒಂದು, ಪಿಯಾನೋಗೆ ಮುಪ್ಪು ಬರಿಸಲು ಇನ್ನೊಂದು. ಈ ಕೊನೆಯದು ನನಗೆ ಬೇಕಾಗಲಿಲ್ಲ. ಅದರಲ್ಲೂ ಅದೇ ರೇ ಅಲೆಯಾಡಿತು. ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸಬಹುದು ಎಂದು ಅವನು ತೋರಿಸಿದ. ನಾನು ಮಧ್ಯಾಹ್ನವೆಲ್ಲ ಕೂತು ತಿದ್ದಿದೆ. ನೀನು ಹಬ್ಬದ ಬೋರ್ಸೋಕ್ ರೊಟ್ಟಿ ಕರಿಯುತ್ತಿದ್ದವಳು ಕೈ ಒರೆಸಿಕೊಂಡು ಬಂದು ನುಡಿಸಿ, ಮೆಲ್ಲಗೆ, ‘ಅಪ್ಪಾ, ಈಗ ಕೆಟ್ಟೋಯ್ತು ಅನ್ಸುತ್ತೆ’ ಅಂದೆ. ನಾನು ಏನಂದೆ ಎಂಬುದು ನಿನಗೆ ನೆನಪಿದೆ. ‘ಈ ಮನೇಲಿ ಕಿವಿ ಇರೋದು ಯಾರಿಗೆ?’ ಅಂದೆ. ನೀನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಮೂರನೆಯ ದಿನ ಒಳ್ಳೆಯದನ್ನು ಆರಿಸಿ ಕಳಿಸುತ್ತೇನೆ ಎಂದು ಹೇಳಿ ಇದನ್ನು ಹೇರಿಸಿಕೊಂಡು ಬಂದೆ. ಅಂದಿನಿಂದ ನೀನು ಪಾಠ ಶುರುವಾಗುವುದಕ್ಕೆ ಮುಂಚೆ ನೀನು ಕಲಿಸುವ ಶಾಲೆಗೆ ಹೋಗಿ, ಕಾಯಿಸದ ಕೋಣೆಯಲ್ಲಿ, ಬೆರಳು ತುದಿ ಕತ್ತರಿಸಿದ ಕೈಗವಸು ಹಾಕಿಕೊಂಡು ಒಂದು ಗಂಟೆ ನುಡಿಸುತ್ತಿದ್ದೀಯಂತೆ. ಬೋಲೋತ್ ಹೇಳಿದ. ನೀನು ಹೇಳಲಿಲ್ಲ.

ಏಪ್ರಿಲ್ ಪೂರ್ತಿ ಅಂಗಡಿಗಳಲ್ಲಿ ಕಳೆದೆ. ನೆಲ್ಯಾ ಗೊತ್ತಲ್ಲ, ಅಮ್ಮನ ಜೊತೆ ಕೆಲಸ ಮಾಡಿದವಳು, ಈಗ ನೀನು ಇದನ್ನು ತರಿಸಿಕೊಂಡ ವಾದ್ಯದ ಅಂಗಡಿಯಲ್ಲೇ ಇದ್ದಾಳೆ. ನಿನ್ನದನ್ನು ವಾಪಸು ತೆಗೆದುಕೊಂಡು ಮೂಲೆಯಲ್ಲಿ ಇಟ್ಟಿದ್ದಳು. ನನ್ನನ್ನು ಕಂಡ ಕೂಡಲೇ, ‘ಬಂದ್ರಾ ಒರೋಜಾಲಿ ಅಣ್ಣ? ನಿಮ್ಮನ್ನ ನೋಡಿದ್ರೆ ನಮ್ಮ ಪಿಯಾನೋಗಳಿಗೆ ಜ್ವರ ಬರುತ್ತೆ’ ಅನ್ನುತ್ತಿದ್ದಳು. ಸುಮ್ಮನೆ ಹೋಗಲಿಲ್ಲ ನಾನು. ಕೀ ಪೂರ್ತಿ ಮೇಲೆ ಬರುವ ಮೊದಲೇ ಮತ್ತೆ ಒತ್ತಿದರೆ ನುಡಿಯುತ್ತದೆಯೇ, ಪೆಡಲನ್ನು ಅರ್ಧ ತುಳಿದರೆ ಅರ್ಧವೇ ಕೇಳುತ್ತದೆಯೇ, ಸ್ವರದ ಬಾಲ ತಾನಾಗಿ ಸಾಯುತ್ತದೆಯೇ ಅಥವಾ ಯಾರೋ ಕತ್ತರಿಸಿದ ಹಾಗೆ ನಿಲ್ಲುತ್ತದೆಯೇ, ಎಲ್ಲ ನೋಡಿದೆ. ಹೆಡ್‌ಫೋನ್ ಹಾಕಿದಾಗ ಕೀಗಳ ಟಕಟಕ ಮಗುವನ್ನು ಎಬ್ಬಿಸುವಷ್ಟು ಜೋರಾಗಿದೆಯೇ ಎಂದು ನೆಲ್ಯಾಳನ್ನು ಪಕ್ಕದ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂರಿಸಿದೆ. ಏಳು ವಾದ್ಯ, ನಾಲ್ಕು ತಂತ್ರಾಂಶ. ಒಂದು ಗಡಸು, ಒಂದು ಮಂಕು, ಎರಡು ನಿಜಕ್ಕೂ ಚೆನ್ನಾಗಿದ್ದವು. ಹನ್ನೊಂದರಲ್ಲೂ ಅದೇ ರೇ ಸುಳ್ಳು. ಆಗ ನಾನು ಏನು ತೀರ್ಮಾನಿಸಿದೆ ಗೊತ್ತೇ? ಎಲ್ಲರೂ ಸೇರಿ ಒಂದೇ ಕೆಟ್ಟ ಪಿಯಾನೋದಿಂದ ಸ್ವರ ಕದ್ದಿದ್ದಾರೆ ಎಂದು. ನಗಬೇಡ, ಕಾರ್ಖಾನೆಗಳಿಗೆ ಬರೆಯಲು ದೂರಿನ ಕರಡನ್ನೂ ಸಿದ್ಧಮಾಡಿದ್ದೆ, ಎರಡು ಪುಟ.

ಕಳೆದ ತಿಂಗಳ ಕೊನೆಯ ವಾರ, ನೆಲ್ಯಾ ಆ ಕರಡು ಓದಿ ಏನೋ ಅಂದಳು. ಹೆಡ್‌ಫೋನಿನೊಳಗೆ ಕೇಳಿಸಲಿಲ್ಲ. ಒಂದು ಬದಿ ಸರಿಸಿ, ‘ಏನಮ್ಮ?’ ಅಂದು, ಸಿಟ್ಟಿನಲ್ಲೇ ಮತ್ತೆ ಆ ರೇ ಒತ್ತಿದೆ. ಶುದ್ಧವಾಗಿತ್ತು. ಇನ್ನೊಮ್ಮೆ ಒತ್ತಿದೆ. ಅಲೆ ಇಲ್ಲ, ಏನೂ ಇಲ್ಲ, ಕನ್ನಡಿಯ ಹಾಗೆ ಇತ್ತು. ನನಗೆ ಹೆದರಿ ಯಂತ್ರ ಸರಿಹೋಯಿತು ಎಂದುಕೊಂಡೆ, ನೋಡು ನನ್ನ ಬುದ್ಧಿ. ಹೆಡ್‌ಫೋನ್ ಎರಡೂ ಕಿವಿಗೆ ಏರಿಸಿದೆ, ವಂವಂ. ಬಲಗಿವಿ ಮಾತ್ರ, ಶುದ್ಧ. ಎಡಗಿವಿ ಮಾತ್ರ, ಅದೂ ಶುದ್ಧವೇ, ಆದರೆ ಕೂದಲೆಳೆಯಷ್ಟು ಕೆಳಗೆ. ಎಷ್ಟು ಸಲ ಮಾಡಿದೆನೋ ಗೊತ್ತಿಲ್ಲ. ನೆಲ್ಯಾ ತಮಾಷೆ ನಿಲ್ಲಿಸಿ ಚಹಾ ತಂದಿಟ್ಟಳು. ಹನ್ನೊಂದು ಪಿಯಾನೋಗಳೂ ಸರಿಯಾಗಿದ್ದವು ಸಾಯ್ರಾ. ತಪ್ಪು ನನ್ನ ತಲೆಯ ಎರಡು ಬದಿಯಲ್ಲಿತ್ತು.

ಚಿಕಿತ್ಸಾಲಯಕ್ಕೆ ಹೋದೆ. ವೈದ್ಯೆ ನಿನ್ನ ವಯಸ್ಸಿನವಳು. ಕಿವಿಗೆ ಏನೇನೋ ಕೇಳಿಸಿ ಕಾಗದದ ಮೇಲೆ ಗೆರೆ ಎಳೆದು, ಎಡಗಿವಿ ಸವೆದಿದೆ, ಮೇಲಿನ ಸ್ವರ ತಗ್ಗಾಗಿ ಕೇಳಿಸುತ್ತದೆ, ವರ್ಷವಾದರೂ ಆಗಿರಬೇಕು, ಔಷಧವಿಲ್ಲ ಅಂದಳು. ‘ಟಿವಿ ಕೇಳ್ಸುತ್ತಾ ತಾತ?’ ‘ಕೇಳ್ಸುತ್ತಮ್ಮ.’ ‘ಹಾಗಾದ್ರೆ ಚಿಂತೆ ಯಾಕೆ ಬಿಡಿ.’ ಒಳ್ಳೆಯ ಹುಡುಗಿ, ಅವಳಿಗೇನು ಗೊತ್ತು. ಆಮೇಲೆ ಈ ವರ್ಷ ನಾನು ಮುಟ್ಟಿದ ಪಿಯಾನೋಗಳ ಮನೆಗಳಿಗೆಲ್ಲ ಇನ್ನೊಬ್ಬ ಶ್ರುತಿಗಾರನನ್ನು ಕರೆದುಕೊಂಡು ಹೋದೆ, ಹಿಂದೆ ನನ್ನ ಹತ್ತಿರ ಕಲಿತವನೇ. ಮೇಲಿನ ಭಾಗ ಅರ್ಧಕ್ಕರ್ಧ ಕೆಟ್ಟಿತ್ತು. ಅವನು ತಿದ್ದಿದ, ನಾನು ಅವನ ಚೀಲ ಹಿಡಿದು ನಿಂತೆ. ಅದಕ್ಕೆ ನಾಚಿಕೆಯಾಗಲಿಲ್ಲ. ಒಬ್ಬರೂ ದೂರು ಹೇಳಿರಲಿಲ್ಲವಲ್ಲ, ಅದು ನನ್ನನ್ನು ಕೊಂದಿತು. ಹಳೆಯ ಶಿಕ್ಷಕಿಯೊಬ್ಬರು, ‘ಒರೋಜಾಲಿ ಮಾಡಿದ್ದು ಅಂದ್ಮೇಲೆ ನನ್ನ ಕಿವೀನೇ ಹೋಗಿರ್ಬೇಕು ಅನ್ಕೊಂಡೆ’ ಅಂದರು. ಮೂರು ತಿಂಗಳು ಅವರು ಪಿಯಾನೋ ಮುಚ್ಚಳವನ್ನೇ ತೆರೆದಿರಲಿಲ್ಲ. ಮನೆಗೆ ಬರುವ ಬಸ್ಸಿನಲ್ಲಿ ನಿನ್ನ ಅಡುಗೆಮನೆಯ ಬಾಗಿಲು ನೆನಪಾಗುತ್ತಿತ್ತು.

ಈಗ ಕೆಲಸದ ಮಾತು. ಇದನ್ನು ಒಲೆಯ ಪಕ್ಕ ಇಡಬೇಡ, ಮರದ ಪಿಯಾನೋ ಅಲ್ಲದಿದ್ದರೂ ಶಾಖ ಯಾರಿಗೂ ಒಳ್ಳೆಯದಲ್ಲ. ಕಾಲುಗಳ ಕೆಳಗೆ ದಪ್ಪ ಕಂಬಳಿ ಹಾಸು, ಟಕಟಕ ಕಡಿಮೆಯಾಗುತ್ತದೆ. ಒಳಗಿರುವ ಸ್ವರ ದಿನದ ಅಭ್ಯಾಸಕ್ಕೆ ಸಾಕು. ಸಮಯವಿದ್ದಾಗ ಬೋಲೋತನ ತಂತ್ರಾಂಶ ಹಾಕಿಕೋ, ಅದರಲ್ಲಿ ಮೆಲ್ಲನೆಯ ಸ್ವರ ಹೆಚ್ಚು ಚೆನ್ನ. ನಾನು ತಿದ್ದಿದ್ದನ್ನೆಲ್ಲ ಅಳಿಸಿಹಾಕಲು ಹೇಳು. ಜೂನ್ ಹದಿನಾಲ್ಕಕ್ಕೆ ಇನ್ನು ಐದು ವಾರವಿದೆ. ಏಳು ವಾರ ನಾನು ತಿಂದುಹಾಕಿದೆ. ಆ ದಿನ ನೀನು ಈ ಪಿಯಾನೋ ಸರಿಯಾಗಿದೆ ಎಂದಾಗ ಸರಿಯಾಗಿತ್ತು, ಕೆಟ್ಟಿತು ಎಂದಾಗ ಕೆಟ್ಟಿತ್ತು. ಈ ಮನೆಯಲ್ಲಿ ಕಿವಿ ಇರುವುದು ನಿನಗೆ. ಎಲ್ಲರ ಮುಂದೆ ಆಡಿದ ಮಾತಿಗೆ ಎಲ್ಲರ ಮುಂದೆಯೇ ಕ್ಷಮೆ ಕೇಳಬೇಕು, ಅದಕ್ಕಾಗಿ ಈ ಪುಟವನ್ನು ಬೋಲೋತನಿಗೂ ಓದಿ ಹೇಳು.

ಬೇಗಾಯ್‌ಗೆ ಚೀಲದಲ್ಲಿ ಒಣದ್ರಾಕ್ಷಿ ಇದೆ, ಬೋಲೋತನ ತಾಯಿಗೆ ಚಹಾಪುಡಿ. ನಿನ್ನ ಕೈಗಳು ಬೆಚ್ಚಗಿರಲಿ, ದಾರಿ ತೆರೆದಿರಲಿ, ಅಮ್ಮನ ಆಶೀರ್ವಾದವೂ ನನ್ನದರ ಜೊತೆ ಸೇರಿ ನಿನ್ನ ಮನೆ ಮುಟ್ಟಲಿ.

ನಿನ್ನ ಅಪ್ಪ,
ಒರೋಜಾಲಿ

ತಾ.ಕ.: ಟ್ಯಾಕ್ಸಿಯವನು ಕೆಳಗೆ ಹಾರ್ನ್ ಒತ್ತುತ್ತಿದ್ದಾನೆ. ಅಮ್ಮನ ಪಿಯಾನೋ ಮಾತು ಸಾಕು ಎಂದು ಬರೆದೆನಲ್ಲ, ಹೇಳಬೇಕಾಗಿದ್ದದ್ದೇ ಅದು. ನೂರೂಜ್ ಬೆಳಿಗ್ಗೆ ಕಲ್ಲಿದ್ದಲಿಗೆಂದು ಕೊಟ್ಟಿಗೆಗೆ ಹೋದವನು, ಮೂಟೆಗಳ ಹಿಂದೆ ನಿಂತಿರುವ ಆ ಚೌಕಟ್ಟಿನ ಬಿರಡೆಯೊಂದಕ್ಕೆ ನನ್ನ ಶ್ರುತಿ ಚಾವಿ ಹಾಕಿ ನೋಡಿದ್ದೆ. ಹಲಗೆ ಸೀಳಿದ್ದರೆ ಬಿರಡೆ ಎರಡು ಬೆರಳಿಗೇ ತಿರುಗಬೇಕು. ನನಗೆ ಎರಡೂ ಕೈ ಬೇಕಾದವು. ತುಕ್ಕು ಎಂದುಕೊಂಡು ಇನ್ನೊಂದಕ್ಕೆ ಹಾಕಿದೆ, ಮತ್ತೊಂದಕ್ಕೂ ಹಾಕಿದೆ, ಅವೂ ಅಷ್ಟೇ ಬಿಗಿ, ಹಲಗೆ ಸೀಳಿರಲೇ ಇಲ್ಲ. ಆಮೇಲೆ ಒಳಗೆ ಬಂದು, ಕೈ ತೊಳೆದು, ನಿನ್ನ ಹೊಸ ಪಿಯಾನೋ ಸುಳ್ಳು ಎಂದೆ. ಚಾವಿಯನ್ನು ಪೆಟ್ಟಿಗೆಯಲ್ಲಿ ಪೆಡಲಿನ ಪಕ್ಕ ಇಟ್ಟಿದ್ದೇನೆ, ನನಗೆ ಇನ್ನು ಬೇಡ. ನನ್ನ ಮಾತು ನಂಬಬೇಡ ಮಗಳೇ, ನೀನೇ ತಿರುಗಿಸಿ ನೋಡು.