ನೀನು ಅರ್ಧಕ್ಕೆ ಬಿಟ್ಟ ದಿಂಡು

ನನ್ನ ಲಿಲ್ಲಿ ಬಾಯಿಗೆ, ಮೀನಿನ ಗಿರಿಜಳ ನಮಸ್ಕಾರ.

ನಾಲ್ಕನೆಯ ಕ್ಲಾಸಿನವರೆಗೆ ಕಲಿತವಳ ಅಕ್ಷರ ಇದು, ಕೋಳಿ ಕೆದಕಿದ ಹಾಗಿದ್ದರೆ ನಗಬೇಡ. ಶಿರ್ವದ ನಿನ್ನ ಅಡುಗೆಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಎದುರಿಗೆ ಬಟ್ಟೆಯ ಮೇಲೆ ಮೊಟ್ಟೆಗಳು ಆರುತ್ತಿವೆ. ಒಂದೂ ಒಡೆದಿಲ್ಲ, ಬಾಯಿ. ನಿನ್ನ ಕೈಯಲ್ಲೇ ಪ್ರತಿಸಲ ಒಂದೆರಡು ಬಿರಿಯುತ್ತಿದ್ದವು, ಅಲ್ವಾ? ಎಲ್ಲವನ್ನೂ ಕ್ರಮದಲ್ಲಿ ಹೇಳುತ್ತೇನೆ. ನಡುವೆ ನನ್ನ ಮಾತು ತುಂಡರಿಸಲು ನಿನಗೆ ಈಗ ಆಗುವುದಿಲ್ಲ, ಅದೊಂದು ಸುಖ ನನಗೆ.

ನನ್ನ ಮಂಡಿ ಕೈಕೊಟ್ಟು ಬುಟ್ಟಿ ಹೊರುವುದು ನಿಂತ ವರ್ಷ ನೀನು ಹೇಳಿಕಳುಹಿಸಿದ್ದು ನೆನಪಾಗುತ್ತದೆ. ಅದುವರೆಗೆ ಕಾಪುವಿನಿಂದ ಬಸ್ಸಿನಲ್ಲಿ ಮೀನು ತಂದು ನಿನ್ನ ಜಗಲಿಯಲ್ಲಿ ಇಳಿಸಿ ಎಷ್ಟು ಜಗಳವಾಡಿದ್ದೇವೆ. "ಗಿರಿಜಾ, ಅಂಜಲ್ ಮೀನನ್ನು ನಿನ್ನಷ್ಟು ತೆಳ್ಳಗೆ ಕೊಯ್ಯುವವರು ಬೇರೆ ಇಲ್ಲ. ಒಂದು ಕೆಲಸ ಉಂಟು, ಬಾ" ಎಂದಿ. ಬಂದು ನೋಡಿದರೆ ಮೇಜಿನ ಮೇಲೆ ಮೀನಿಲ್ಲ, ಮಣ್ಣು. ಗಲ್ಫಿನಲ್ಲಿದ್ದಾಗ ನೀನು ಕಲಿತ ಬಣ್ಣದ ಪ್ಲಾಸ್ಟಿಕ್ ಮಣ್ಣು. ಬೇರೆ ಬೇರೆ ಬಣ್ಣದ ಎಳೆಗಳನ್ನು ಒಟ್ಟಿಗೆ ಸೇರಿಸಿ ನೀನು ದಿಂಡು ಕಟ್ಟುತ್ತಿದ್ದಿ. ಹಿಸುಕಿ, ಎಳೆದು, ಬೆರಳಿನಷ್ಟು ಸಪೂರ ಮಾಡಿದರೂ ಎಲ್ಲಿ ಕೊಯ್ದರೂ ಒಳಗೆ ಅದೇ ಚಿತ್ತಾರ. ಕೊಯ್ಯುವವಳು ನಾನು. ಟೊಳ್ಳು ಮಾಡಿದ ಮೊಟ್ಟೆಯ ಮೇಲೆ ಆ ಬಿಲ್ಲೆಗಳನ್ನು ಅಂಟಿಸಿ, ಸಂದು ಕಾಣದ ಹಾಗೆ ಅಂಗೈಯಲ್ಲಿ ಹೊರಳಿಸಿ, ಓವನ್ನಿನಲ್ಲಿ ಇಡುವವಳು ನೀನು. ಈಸ್ಟರಿಗೆ ಹೂವಿನ ಮೊಟ್ಟೆ. ಕ್ರಿಸ್ಮಸ್ಸಿಗೆ ಬಾಲಯೇಸುವಿನ ಗೋದಲಿಯ ಮೇಲೆ ತೂಗಿಸಲು ನಕ್ಷತ್ರದ ಮೊಟ್ಟೆ.

"ತಿನ್ನುವುದನ್ನು ಹೊರಗೆ ಚೆಲ್ಲಿ ಸಿಪ್ಪೆಗೆ ಸೀರೆ ಉಡಿಸುತ್ತೀಯಲ್ಲ, ನಿನಗೆ ಬೇರೆ ಕಸುಬಿಲ್ಲವಾ?" ಎಂದು ಕೇಳಿದ್ದೆ.

"ಬಾಯಿ ಮುಚ್ಚಿ ಕೊಯ್ಯಿ ಮಾರಾಯ್ತಿ. ನಿನ್ನ ನಾಲಗೆಗಿಂತ ನಿನ್ನ ಚೂರಿ ಒಳ್ಳೆಯದು" ಎಂದಿದ್ದಿ.

ಮಳೆಗಾಲ ಮುಗಿಯುವ ಹೊತ್ತಿಗೆ ನೀನು ಮಣಿಪಾಲದ ಆಸ್ಪತ್ರೆಗೆ ಹೊರಟ ಬೆಳಿಗ್ಗೆ. ಬೆಣ್ಣೆ ಕಾಗದದಲ್ಲಿ ಸುತ್ತಿದ ಒಂದು ದಿಂಡನ್ನು ನನ್ನ ಕೈಯಲ್ಲಿ ಇಟ್ಟು, "ನಿನ್ನ ಫ್ರಿಜ್ಜಿನಲ್ಲಿ ಇಡು. ಕೊಯ್ಯಬೇಡ. ನಾನು ಬಂದು..." ಎಂದಿ. ಅಷ್ಟರಲ್ಲಿ ಕೆಮ್ಮು ಬಂತು, ಕಾರಿನ ಬಾಗಿಲು ಹಾಕಿದರು. ಬಂದು ಎಂತ ಮಾಡುತ್ತಿದ್ದಿ? ಅದನ್ನು ಹೇಳದೆಯೇ ಹೋದಿ. ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ನಿನ್ನ ಮಗಳು ಸುನೀತಾ ನನ್ನನ್ನು ಹಿತ್ತಲಿಗೆ ಕರೆದಳು. ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಅವಳಿಗೊಬ್ಬಳಿಗೇ ಹೇಳಿದ್ದರಂತೆ. ಅವಳು ನಿನಗೆ ಹೇಳಲಿಲ್ಲವಂತೆ. "ಆಂಟಿ, ಮಮ್ಮಿಗೆ ಗೊತ್ತಿತ್ತಾ? ಗೊತ್ತಿದ್ದೂ ಒಬ್ಬರೇ ಹೆದರಿಕೊಂಡು ಮಲಗಿದ್ರಾ?" ಎಂದು ಕೇಳಿದಳು. ಸಂತೆಯಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದವಳು ನಾನು, ಆ ಹುಡುಗಿಯನ್ನು ಒಳಗೆ ಕರೆದುಕೊಂಡು ಹೋಗಿ ಗಂಜಿ ಬಡಿಸಿದೆ. ಅವಳಿರುವ ಮಣಿಪಾಲದಿಂದ ಈ ಮುಚ್ಚಿದ ಮನೆಯ ಬಾಗಿಲು ತೆಗೆದು ಗುಡಿಸಲು ಬಂದಾಗಲೆಲ್ಲ ಅವಳದು ಅದೇ ಪ್ರಶ್ನೆ.

ಮೊನ್ನೆ ಮೊನ್ನೆ ನನ್ನ ಸೊಸೆ ಶೋಭಾ ಫ್ರಿಜ್ ತೊಳೆಯುವಾಗ ಆದದ್ದು ಕೇಳು. ನಾನು ಒಳಗೆ ಬರುವಾಗ ಅವಳ ಕೈಯಲ್ಲಿ ಚೂರಿ, ಮಣೆಯ ಮೇಲೆ ನಿನ್ನ ದಿಂಡು.

"ಎಂತ ಮಾಡ್ತಿದ್ದೀ?"

"ದೊದೋಲ್ ಅಲ್ವಾ ಅತ್ತೆ ಇದು? ಕ್ರಿಸ್ಮಸ್ಸಿಗೆ ಬಂದ ಸಿಹಿ ಅಂತ ಎಣಿಸಿದೆ. ಎಷ್ಟು ಗಟ್ಟಿ ಉಂಟು ನೋಡಿ."

"ತಿನ್ನು, ತಿನ್ನು. ಲಿಲ್ಲಿ ಬಾಯಿಯ ಪ್ಲಾಸ್ಟಿಕ್ ಮಣ್ಣು ಅದು, ನಿನ್ನ ಹೊಟ್ಟೆಯೇ ಓವನ್ ಆಗಲಿ" ಎಂದು ಕಸಿದುಕೊಂಡೆ. ಅವಳದೂ ತಪ್ಪಲ್ಲ. ಹಲ್ವದ ಹಾಗಿನ ಆ ದೊದೋಲಿನದೇ ಕಂದು ಬಣ್ಣ, ತುಪ್ಪ ಬಿಟ್ಟ ಹಾಗೆ ಒಂದು ಅಂಚಿನಲ್ಲಿ ಹಳದಿ ಗೆರೆ. ಅವಳು ಕೊಯ್ದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಬಣ್ಣಗಳೆಲ್ಲ ಕಲಸಿ ವಾಂತಿಯ ಹಾಗಿತ್ತು. ಆಮೇಲೆ, ಎಳೆಯುವಾಗ ದಿಂಡಿನ ತುದಿ ಯಾವಾಗಲೂ ಹಾಗೇ ಆಗುವುದು, ಅದನ್ನು ನೀನು ಕೊಯ್ದು ಬಿಸಾಡುತ್ತಿದ್ದಿ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಇಷ್ಟು ತಿಂಗಳು ತಂಡಿಯಲ್ಲಿದ್ದು ಅದು ಕಲ್ಲಾಗಿತ್ತು. ಬೆಣ್ಣೆ ಕಾಗದದೊಂದಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಇಡೀ ದಿನ ಮನೆಯಲ್ಲಿ ಓಡಾಡಿದೆ. ಸಂಜೆಗೆ ಮೆತ್ತಗಾಯಿತು. ಕೊಯ್ದೆ. ಚೌಕದ ಬಿಲ್ಲೆ, ಕಂದು ಬಣ್ಣ, ಒಂದು ಮೂಲೆಯಲ್ಲಿ ಚೂರು ಹಳದಿ, ಅದರ ಬದಿಯಿಂದ ಓರೆಯಾಗಿ ಒಂದು ಬಿಳಿ ಎಸಳು. ಅಷ್ಟೇ. ಇದೆಂತ ಚಿತ್ತಾರ? ಕೊನೆಗಾಲಕ್ಕೆ ನಿನಗೆ ಕೈ ಬರಲಿಲ್ಲವೋ ಎಂದು... ಬೇಡ, ನಾನು ನಿನ್ನನ್ನು ಎಷ್ಟು ಬೈದೆ ಎಂದು ಬರೆಯುವುದಿಲ್ಲ.

ಕಳೆದ ಭಾನುವಾರ ಸುನೀತಾ ಬಂದಿದ್ದಾಳೆಂದು ದಿಂಡನ್ನು ಸೊಂಟದಲ್ಲಿಟ್ಟುಕೊಂಡು ನಾನೂ ಇಲ್ಲಿಗೆ ಬಂದೆ. ಮಂಡಿ ನೋವೆಂದು ಜಗಲಿಯಲ್ಲಿ ಕಾಲು ಚಾಚಿ ಕೂತಾಗ ನೆಲದ ಟೈಲ್ಸ್ ಕಣ್ಣಿಗೆ ಬಿತ್ತು. ಎಷ್ಟು ವರ್ಷ ಅದರ ಮೇಲೆ ಮೀನಿನ ನೀರು ಚೆಲ್ಲಿದ್ದೇನೆ, ಒಂದು ದಿನವಾದರೂ ಸರಿ ನೋಡಿದ್ದೇನಾ? ಒಂದೊಂದು ಟೈಲಿನ ಮೂಲೆಯಲ್ಲಿ ಕಾಲು ಹೂ. ನಾಲ್ಕು ಸೇರಿದರೆ ಒಂದು ಹೂ. ನಿನ್ನ ದಿಂಡು ಮುಗಿದದ್ದಲ್ಲ ಬಾಯಿ, ಕಾಲುಭಾಗ. ಅದನ್ನು ನಾಲ್ಕು ತುಂಡು ಮಾಡಿ ಮೂಲೆಗೆ ಮೂಲೆ ಸೇರಿಸಿ ಒತ್ತಬೇಕು. ನೀನು ಬಂದು ಮಾಡಬೇಕಾಗಿದ್ದ ಕೆಲಸ ಅದೇ. ಮಂಡಿ ಎಲ್ಲಿ ಹೋಯಿತೋ, ಓಡಿಯೇ ಒಳಗೆ ಹೋದೆ. ಸ್ಟೀಲಿನ ತಟ್ಟೆ ಕವುಚಿ ಹಾಕಿ ನಾಲ್ಕು ಬಿಲ್ಲೆ ಕೊಯ್ದು ಜೋಡಿಸಿದೆ. ಹಳದಿ ಮೂಲೆಗಳೆಲ್ಲ ನಡುವೆ ಬಂದು ಬಿಳಿ ಹೂ ಅರಳಿತು. "ಸುನೀತಾ, ಬಾ, ನಿನ್ನ ಮಮ್ಮಿಯ ಕೆಲಸ ನೋಡು" ಎಂದು ಕೂಗಿದ್ದು ಪಕ್ಕದ ಮನೆಗೂ ಕೇಳಿರಬೇಕು.

ಅವಳು ಬಂದು ನೋಡಿದಳು. ಸುಮ್ಮನಿರಬಾರದಾ? ಬೆರಳಿನಲ್ಲಿ ಒಂದೊಂದೇ ಬಿಲ್ಲೆಯನ್ನು ತಿರುಗಿಸಿದಳು. ಹಳದಿ ಮೂಲೆಗಳು ಹೊರಗೆ ಹೋದವು, ಬಿಳಿ ಎಸಳುಗಳು ನಡುವೆ ಕೂಡಿದವು. ತುದಿಯಲ್ಲಿ ದೀಪ ಹಚ್ಚಿದ ಹಾಗೆ ಚಂದದ ನಕ್ಷತ್ರ.

"ಹೂವಾದರೆ ಈಸ್ಟರಿಗೆ, ನಕ್ಷತ್ರವಾದರೆ ಕ್ರಿಸ್ಮಸ್ಸಿಗೆ. ಅಲ್ವಾ ಆಂಟಿ? ಮಮ್ಮಿ ಇದನ್ನು ಕಟ್ಟುವಾಗ ಕ್ರಿಸ್ಮಸ್ ಹತ್ತಿರ ಇತ್ತು, ಈಸ್ಟರ್ ದೂರ" ಎಂದಳು. ಬೆರಳನ್ನು ಬಿಲ್ಲೆಯ ಮೇಲಿಟ್ಟುಕೊಂಡೇ, "ಈಸ್ಟರಿಗೆ ಅಂತ ಶುರು ಮಾಡಿದ್ದಾದ್ರೆ ಮಮ್ಮಿಗೆ ಏನೂ ಗೊತ್ತಿರಲಿಲ್ಲ. ನೆಮ್ಮದಿಯಲ್ಲಿ ಇದ್ರು" ಎಂದು ನನ್ನ ಮುಖ ನೋಡಿದಳು.

ಎರಡಕ್ಕೂ ಆಗುವಷ್ಟು ದಿಂಡು ಇರಲಿಲ್ಲ. ಒಮ್ಮೆ ಒತ್ತಿದರೆ ಮತ್ತೆ ಬಿಡಿಸಲಾಗದು. ಕ್ರಿಸ್ಮಸ್ಸಿನ ಮೊಟ್ಟೆ ಮುಗಿಯದೆ ಈಸ್ಟರಿನ ಮಣ್ಣಿಗೆ ಕೈ ಹಾಕಿದವಳಲ್ಲ ನೀನು. ಅದು ನನಗೆ ಗೊತ್ತು. ಮಣಿಪಾಲದಲ್ಲಿದ್ದ ಅವಳಿಗೆ ಹೇಗೆ ಗೊತ್ತಿರಬೇಕು?

"ಹೂವೇ. ಅದರಲ್ಲಿ ಕೇಳುವುದೆಂತ?" ಎಂದೆ. ಚೂರಿ ತೆಗೆದುಕೊಂಡು ದಿಂಡನ್ನು ನಾಲ್ಕು ಮಾಡಿ, ಹಳದಿಯನ್ನು ಒಳಗಿಟ್ಟು, ಅವಳು ಇನ್ನೊಂದು ಮಾತಾಡುವ ಮೊದಲೇ ಒತ್ತಿಬಿಟ್ಟೆ.

ಇವತ್ತು ಬೆಳಿಗ್ಗೆಯಿಂದ ನಾನೂ ಸುನೀತಾಳೂ ಕೂತು ಅಂಟಿಸಿದೆವು. ನನ್ನ ಜೊತೆ ಬಂದ ಶೋಭಾ ಮೊಟ್ಟೆಗಳನ್ನು ಊದಿ ಬರಿದು ಮಾಡಿ, ಒಳಗಿನದರಲ್ಲಿ ಆಮ್ಲೆಟ್ ಮಾಡಿ ಮಾಡಿ ನಮ್ಮನ್ನು ಸಾಯಿಸಿದಳು. ಬಿಸಿಗಾಳಿ ಹೋಗಲು ಅಡಿಯ ತೂತನ್ನು ತೆರೆದೇ ಬಿಟ್ಟೆವು. ಓವನ್ನಿನ ಗಾಜಿಗೆ ಮೂಗು ಹಚ್ಚಿ ಕೂತಿದ್ದೆ ನಾನು, ಮೊದಲ ಹೆರಿಗೆಗೆ ಕಾಯುವವಳ ಹಾಗೆ. ಒಂದೂ ಬಿರಿಯಲಿಲ್ಲ. ಏನು ಬಿಳುಪು, ಏನು ಹೂಗಳು, ಒಂದಕ್ಕೊಂದು ಒತ್ತಿಕೊಂಡು ಮೊಟ್ಟೆಯ ಸುತ್ತ ತಿರುಗಿವೆ, ಎಲ್ಲಿ ಶುರು ಎಲ್ಲಿ ಕೊನೆ ನನಗೇ ತಿಳಿಯುವುದಿಲ್ಲ.

ಸುನೀತಾ ಮೊದಲನೆಯದನ್ನು ಬಿಸಿಬಿಸಿಯಾಗಿಯೇ ಎತ್ತಿ ಕೆನ್ನೆಗೆ ಹಿಡಿದುಕೊಂಡಳು. ಇವತ್ತು ಆ ಪ್ರಶ್ನೆ ಕೇಳಲಿಲ್ಲ. ಈಗ ಚಾವಡಿಯಲ್ಲಿ ಯಾರಿಗೋ ಫೋನಿನಲ್ಲಿ, "ಮಮ್ಮಿ ಮಳೆಗಾಲದಲ್ಲೇ ಈಸ್ಟರಿನ ಕೆಲಸ ಶುರು ಮಾಡಿದ್ರಂತೆ, ಅಷ್ಟು ಹುಷಾರಿದ್ರು" ಎಂದು ನಗುತ್ತಾ ಹೇಳುತ್ತಿದ್ದಾಳೆ. ನನಗೆ ಇಲ್ಲಿಗೆ ಕೇಳುತ್ತದೆ.

ಆದ್ದರಿಂದ ಅವಸರದಲ್ಲಿ ಬರೆದೆ ಬಾಯಿ. ಅವಳು ವಯಸ್ಸಾಗಿ, ನಿಧಾನಕ್ಕೆ, ಒಂದು ದಿನ ನಿನ್ನ ಹತ್ತಿರ ಬರುತ್ತಾಳಲ್ಲ, ಆಗ ಹೂವಾ ನಕ್ಷತ್ರವಾ ಎಂದು ಕೇಳಿಯೇ ಕೇಳುತ್ತಾಳೆ. ನೀನೂ ಹೂ ಎಂದೇ ಹೇಳು.