ನಿದ್ದೆಗೆಟ್ಟ ರಕ್ತ

ಲಿಂಗಸುಗೂರು ಬಸ್ ನಿಲ್ದಾಣ
20 ನವೆಂಬರ್ 2025, ಗುರುವಾರ ರಾತ್ರಿ 8

ಪ್ರೀತಿಯ ವೀರೇಶಣ್ಣಾ,

ಹೇಗಿದ್ದೀ? ಬೆವರುವುದು ನಿಂತಿತೇ? ನಿನ್ನೆ ಫೋನಿನಲ್ಲಿ, "ಗಣಿಯಾಗ ಇಳಿದ್ ಮ್ಯಾಲ ಕೈ ನಡಗಾಕತ್ತಾವ ಬೇ, ಕಣ್ಣಿಗೆ ಕತ್ತಲಿ ಬರ್ತೈತಿ" ಎಂದು ನೀನು ನಕ್ಕೆ. ನನಗೆ ನಗು ಬರಲಿಲ್ಲ. ಮಸ್ಕಿಯಲ್ಲಿ ಅವ್ವ ಚೆನ್ನಾಗಿದ್ದಾಳೆ. ಅವಳಿಗೆ ಏನೂ ಹೇಳಿಲ್ಲ.

ಸಿಂಧನೂರಿನ ಆರೋಗ್ಯ ಮೇಳದಲ್ಲಿ ಸಿಕ್ಕ ಕರಪತ್ರವನ್ನು ಮೂರು ಸಲ ಓದಿದೆ. "ಕರಪತ್ರದ ಡಾಕ್ಟರಮ್ಮ ಬಂದ್ಲು ನೋಡ್ರಿ" ಎಂದು ಹಟ್ಟಿ ಚಿನ್ನದ ಗಣಿಯ ಕ್ವಾರ್ಟರ್ಸಿನಲ್ಲೆಲ್ಲ ನನ್ನನ್ನು ಹಂಗಿಸುತ್ತೀಯಲ್ಲ, ಹಂಗಿಸು. ಆದರೆ ಓದು. ನಿದ್ದೆ ಎಂದರೆ ದೇಹ ಸುಮ್ಮನೆ ಬಿದ್ದಿರುವುದಲ್ಲ. ಗಾಢ ನಿದ್ದೆಯಲ್ಲಿ ಮೈಯ ಸವೆತ ಸರಿಪಡಿಸುವ ಬೆಳವಣಿಗೆಯ ಹಾರ್ಮೋನು ಸುರಿಯುತ್ತದೆ. ಎಚ್ಚರದ ಹಾರ್ಮೋನು ಕಾರ್ಟಿಸಾಲ್ ಇಳಿಯುತ್ತದೆ. ನಿದ್ದೆಗೆಟ್ಟರೆ ಅದು ಇಳಿಯದೆ ಇನ್ಸುಲಿನ್ನಿಗೆ ಅಡ್ಡ ನಿಲ್ಲುತ್ತದೆ. ಆಗ ನಿನ್ನಂಥ ಸಕ್ಕರೆ ಕಾಯಿಲೆಯವರಿಗೆ ಉಪವಾಸವಿದ್ದರೂ ಸಕ್ಕರೆ ಏರುತ್ತದೆ.

ಈಗ ಸೋಮವಾರ ನೆನಪಿಸಿಕೋ. ನೀನು ವಾರವಿಡೀ ರಾತ್ರಿ ಪಾಳಿ ಮಾಡಿ, ಹಣೆಯ ಮೇಲೆ ಹೆಲ್ಮೆಟ್ಟಿನ ಗುರುತು ಇರುವಾಗಲೇ ಬಸ್ಸು ಹತ್ತಿ ಇಲ್ಲಿನ ಕ್ಲಿನಿಕ್ಕಿಗೆ ಬಂದೆ. ನಾನೂ ಜೊತೆಗಿದ್ದೆ. "ರಾತ್ರಿಯಿಂದ ಏನೂ ತಿಂದಿಲ್ರೀ" ಎಂದು ರಕ್ತ ಕೊಟ್ಟೆ. ಹೊಟ್ಟೆ ಖಾಲಿ ಇದ್ದದ್ದು ನಿಜ, ಆದರೆ ಅದು ಮಲಗಿ ಎದ್ದ ದೇಹದ ರಕ್ತವಲ್ಲ. ಅದರಲ್ಲಿ ಏರಿದ್ದ ಸಕ್ಕರೆ ನೋಡಿ ಡಾಕ್ಟರು ಮಾತ್ರೆ ದುಪ್ಪಟ್ಟು ಮಾಡಿದರು. ಮಂಗಳವಾರದಿಂದ ನಿನಗೆ ಬೆಳಗಿನ ಪಾಳಿ. ನನ್ನ ಮಾತು ಕೇಳಿ ರಾತ್ರಿ ಏಳೂವರೆಗೇ ಫೋನು ಬಂದ್ ಮಾಡಿ ಮಲಗುತ್ತೀ. ನಿದ್ದೆ ಸಿಕ್ಕ ಮೈಯಲ್ಲಿ ಇನ್ಸುಲಿನ್ ಚೆನ್ನಾಗಿ ದುಡಿಯುತ್ತಿದೆ, ಅದರ ಮೇಲೆ ದುಪ್ಪಟ್ಟು ಮಾತ್ರೆ. ಸಕ್ಕರೆ ಕುಸಿಯುತ್ತಿದೆ ಅಣ್ಣಾ, ಅದೂ ಅಷ್ಟು ಆಳದಲ್ಲಿ, ಡ್ರಿಲ್ ಹಿಡಿದಿರುವಾಗ!

ನೀನು ಗಟ್ಟಿಯಾಗಿದ್ದರೆ ಉಳಿದದ್ದಕ್ಕೆಲ್ಲ ಜಗಳಾಡಲು ನಾನಿದ್ದೇನೆ. ಜೈ ಭೀಮ್.

ನಿನ್ನ ತಂಗಿ,
ಭಾರತಿ

ತಾ.ಕ.: ಟೆಂಪೋ ಹೊರಡುತ್ತಿದೆ. "ರಾತ್ರಿ ನಿದ್ದಿ ಆಗೈತೇನಪಾ?" ಎಂದು ಡಾಕ್ಟರು ಕೇಳಿದಾಗ, ನೀನು ಬಾಯಿ ತೆರೆಯುವ ಮೊದಲೇ "ಚಲೋ ಆಗೈತ್ರೀ" ಅಂದವಳು ನಾನು. ಇನ್ನೊಂದು ದಿನ ಬಾ ಎಂದರೆ ಸಿಂಧನೂರಿನಲ್ಲಿ ನಮ್ಮ ಸಂಘದ ಸಭೆ ತಪ್ಪೀತು ಎಂಬ ಅವಸರ ನನಗೆ. ಈಗಷ್ಟೇ ಡಾಕ್ಟರಿಗೆ ನಿಜ ಹೇಳಿ ಬಂದೆ, ಬೈದರು. ನಾಳೆ ನೀನು ಗಣಿಗೆ ಇಳಿಯಲೇಬಾರದು. ಬೆಳಗಿನ ಮಾತ್ರೆ ನುಂಗುವ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ ಅವರಿಗೆ ಫೋನು ಮಾಡಬೇಕು. ಈಗಲೇ ಕೈ ನಡುಗುತ್ತಿದ್ದರೆ ಮೊದಲು ಸಕ್ಕರೆ ತಿನ್ನು. ನಿನ್ನ ಫೋನು ಬಂದ್ ಇದೆ, ಅದಕ್ಕೇ ಈ ಪತ್ರ; ಹಟ್ಟಿಗೆ ಟೆಂಪೋ ಓಡಿಸುವ ಹುಸೇನಬಾಷಾ ಇದನ್ನು ತಂದು, ಬಾಗಿಲು ಬಡಿದು ನಿನ್ನನ್ನು ಎಬ್ಬಿಸುತ್ತಾನೆ. ನಿದ್ದೆ ಕೆಡಿಸಿದನೆಂದು ಅವನಿಗೆ ಬೈಯಬೇಡ, ನನಗೆ ಬೈ.