ಟೆಬಟ್ ಅಜ್ಜನ ಹೊಲದ ಹೆಂಗಸು

ನವೆಂಬರ್ ೧೪, ಗುರುವಾರ. ಲಿಂಕನ್‌ಶೈರ್

ಆ ಸುಳ್ಳು ಯಾಕೆ ಹೇಳಿದೆನೋ.

ಮನೆಗಳು ಏಳುವ ಮೊದಲು ನೆಲದಡಿ ಏನಿದೆಯೆಂದು ನೋಡಲು ಟೆಬಟ್ ಅಜ್ಜನ ಹೊಲದಲ್ಲಿ ಅಗೆಯುತ್ತಿದ್ದೇವಲ್ಲ, ಅಲ್ಲಿ ಇವತ್ತು ರೋಮನ್ ಕಾಲದ ಹೆಂಗಸೊಬ್ಬಳ ಎಲುಬು ಸಿಕ್ಕಿತು. ಸುತ್ತ ಬೇರೆ ಗೋರಿಯೇ ಇಲ್ಲ. ಅಜ್ಜ ಟೋಪಿ ತೆಗೆದು ಗುಂಡಿಯ ಅಂಚಿನಲ್ಲಿ ಕೂತ.

"ಇಷ್ಟು ವರ್ಷ ಇವಳ ಮೇಲೇ ಟ್ರಾಕ್ಟರ್ ಓಡಿಸಿದೀನಿ. ಪಾಪ, ಒಬ್ಳೇ ಮಲಗಿದ್ಲಾ?"

"ಹೂಂ ಅಜ್ಜ, ಒಬ್ಳೇ."

"ನೀನೂ ದಿನಾ ಒಬ್ಳೇ ಕೂತು ತಿಂತೀಯ. ಭಾನುವಾರ ನಮ್ಮನೇಗೆ ಊಟಕ್ಕೆ ಬಾರಮ್ಮ. ನನ್ನಾಕೆ ಹೋದ್ಮೇಲೆ ಮಾಂಸ ಬೇಯಿಸೋದು ನಾನೇ. ಸ್ವಲ್ಪ ಗಟ್ಟಿಯಾಗಿರತ್ತೆ, ಅಷ್ಟೇ."

"ಊರಿಗೆ ಹೋಗ್ಬೇಕು, ಮನೇಲಿ ಕಾಯ್ತಿರ್ತಾರೆ" ಅಂದುಬಿಟ್ಟೆ. ಕಾಯುವವರು ಯಾರೂ ಇಲ್ಲ.

"ಒಳ್ಳೇದಾಯ್ತು ಬಿಡು" ಅಂತ ಎದ್ದು ಹೋದ. ಅವನೂ ಒಬ್ಬನೇ ಎಂಬುದು ನನಗೆ ಹೊಳೆದದ್ದು ಈ ಬಾಡಿಗೆ ಕೋಣೆಗೆ ಬಂದು ಬೂಟು ಬಿಚ್ಚುವಾಗ.

ನಾಳೆ ಅವನ ಬಾಗಿಲು ತಟ್ಟಿ ನಿಜ ಹೇಳಬೇಕು. ಹೇಳುವಾಗ ನಗುನಗುತ್ತಾ ಹೇಳಬೇಕು, ಇಲ್ಲದಿದ್ದರೆ ಕನಿಕರಪಟ್ಟು ಊಟಕ್ಕೆ ಬರ್ತಿದಾಳೆ ಅಂದುಕೊಂಡಾನು.